ಒಂದೇ ಸುತ್ತು ಆಡುವುದಾದರೆ ಯಾವ ನೆಲದಲ್ಲಿ?

ಕಚೇರಿಯ ಕೆಲಸಕ್ಕೆಂದು ಪರದೇಶಕ್ಕೆ ಹೋಗುವ ನಮ್ಮಂಥವರ ಕೈಗೆ ಸಿಗುವುದು ಹೆಚ್ಚೆಂದರೆ ಒಂದು ವಾರಾಂತ್ಯ. ಗಾಲ್ಫ್ ಹುಚ್ಚಿದ್ದವರಿಗೆ ಅದರಲ್ಲೇ ಒಂದು ಸುತ್ತು ಆಡುವಷ್ಟು ಹೊತ್ತು ಸಿಕ್ಕರೆ ಪುಣ್ಯ. ಆ ಒಂದು ಸುತ್ತನ್ನು ಎಲ್ಲಿ ಆಡಬೇಕು? ಸ್ನೇಹಿತರನ್ನು ಕೇಳಿದರೆ ಹೆಸರಾಂತ ಮೈದಾನದ ಹೆಸರು ಹೇಳುತ್ತಾರೆ. ಪತ್ರಿಕೆಗಳು ನೂರು ಶ್ರೇಷ್ಠ ಮೈದಾನಗಳ ಪಟ್ಟಿ ಕೊಡುತ್ತವೆ. ನನಗೆ ಎಡಿನ್‌ಬರೋದಲ್ಲಿ ಎರಡು ವಾರದ ಕೆಲಸ ಬಿದ್ದಾಗ, ನಡುವಿನ ಶನಿವಾರ ಭಾನುವಾರ ಬಿಡುವಿತ್ತು. ಪುಣೆಯಿಂದ ಹೊರಡುವ ಮೊದಲು ನಾನು ಪಟ್ಟಿಗಳನ್ನು ಬದಿಗಿಟ್ಟು ಇತಿಹಾಸ ಓದತೊಡಗಿದೆ. ಮೈದಾನ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ, ಆ ನೆಲ ಯಾರದಾಗಿತ್ತು, ಅಲ್ಲಿ ಯಾರು ಆಡುತ್ತಿದ್ದರು ಎನ್ನುವುದು ನನಗೆ ಮುಖ್ಯವಾಗಿತ್ತು.

ಇದಕ್ಕೆ ಕಾರಣವಿದೆ. ನಾನು ಬೆಳೆದದ್ದು ಬೆಂಗಳೂರಿನಲ್ಲಿ, ಒಂದು ಗಾಲ್ಫ್ ಮೈದಾನದ ಬೇಲಿಗೆ ತಾಗಿದ ಬೀದಿಯಲ್ಲಿ. ಬೇಲಿ ದಾಟಿ ಬಂದ ಚೆಂಡು ಹುಡುಗರ ಪಾಲಿನ ಆಸ್ತಿ. ತೊಳೆದು ಒರೆಸಿ ಕ್ಯಾಡಿಗಳ ಕೈಗೆ ಕೊಟ್ಟರೆ ಎರಡು ರೂಪಾಯಿ ಸಿಗುತ್ತಿತ್ತು. ಚೆಂಡು ನಮ್ಮ ಕಡೆ ಬರಬಹುದಿತ್ತು, ನಾವು ಚೆಂಡಿನ ಕಡೆ ಹೋಗುವಂತಿರಲಿಲ್ಲ. ಒಳಗೆ ಕಾಲಿಟ್ಟ ಹುಡುಗನ ಕಿವಿ ಕಾವಲುಗಾರನ ಕೈಯಲ್ಲಿ. ಗಾಲ್ಫ್ ಅಂದರೆ ಬೇಲಿ ಹಾಕಿದ ಹಸಿರು ಎಂದೇ ನನ್ನ ತಲೆಯಲ್ಲಿ ಕೂತಿತ್ತು. ನಾನು ಕೋಲು ಹಿಡಿಯಲು ಕಲಿತದ್ದು ಮೂವತ್ತು ದಾಟಿದ ಮೇಲೆ, ಪುಣೆಯಲ್ಲಿ, ಗಂಟೆಗಿಷ್ಟು ಎಂದು ಹಣ ಕೊಟ್ಟು ಚೆಂಡು ಹೊಡೆಯುವ ಒಂದು ಅಭ್ಯಾಸದ ಜಾಗದಲ್ಲಿ. ಹಾಗಾಗಿ ಈ ಆಟ ಹುಟ್ಟಿ ಬೆಳೆದ ಊರುಗಳಲ್ಲಿ ಬೇಲಿ ಎಲ್ಲಿತ್ತು ಎಂದು ಹುಡುಕುವುದು ನನಗೆ ಬರೀ ಕುತೂಹಲದ ವಿಷಯವಾಗಿರಲಿಲ್ಲ.

ಬೇಲಿ ಇರಲೇ ಇಲ್ಲ ಎನ್ನುವುದು ನನಗೆ ಸಿಕ್ಕ ಮೊದಲ ಉತ್ತರ.

ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ ಸಮುದ್ರಕ್ಕೂ ಉಳುವ ಹೊಲಕ್ಕೂ ನಡುವೆ ಮರಳು ಮಿಶ್ರಿತ ದಿಬ್ಬದ ನೆಲವಿದೆ. ಅದಕ್ಕೆ ಅವರು ಲಿಂಕ್ಸ್ ಎನ್ನುತ್ತಾರೆ. ಅಲ್ಲಿ ಬೆಳೆ ಬಾರದು, ಗಿಡ್ಡ ಹುಲ್ಲು ಮಾತ್ರ ಬರುತ್ತದೆ. ಕುರಿ ಮೇಯಿಸಲು, ಮೊಲ ಹಿಡಿಯಲು, ಬಟ್ಟೆ ಒಣಹಾಕಲು, ಬಿಲ್ಲುವಿದ್ಯೆ ಅಭ್ಯಾಸ ಮಾಡಲು ಊರಿನವರು ಅದನ್ನು ಬಳಸುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಊರ ಗೋಮಾಳ. ಮೊಲ, ಕುರಿಗಳು ಹುಲ್ಲನ್ನು ಗಿಡ್ಡವಾಗಿಟ್ಟವು. ಗಾಳಿಗೆ ಮರೆಯಾಗಿ ಕುರಿಗಳು ಮಲಗಿದ ಕಡೆ ಹುಲ್ಲು ಸವೆದು ಮರಳು ಬಾಯ್ದೆರೆಯಿತು. ಇಂದು ಲಕ್ಷಗಟ್ಟಲೆ ಸುರಿದು ತೋಡುವ ಬಂಕರ್‌ಗಳ ಮೂಲ ಆ ಕುರಿಗಳ ಹಾಸಿಗೆ ಎನ್ನುತ್ತಾರೆ. ಗೋಲಿಯಾಡುವ ಹುಡುಗರು ನೆಲದಲ್ಲಿ ಕುಳಿ ತೋಡುವಷ್ಟೇ ಸಲೀಸಾಗಿ ಆ ಜನ ಅಲ್ಲಿ ಕುಳಿ ತೋಡಿ ಆಡಿದರು.

ಆಟ ಎಷ್ಟು ಹಬ್ಬಿತ್ತು ಎನ್ನುವುದಕ್ಕೆ ಸಿಗುವ ಮೊದಲ ಲಿಖಿತ ಸಾಕ್ಷಿ ಒಂದು ನಿಷೇಧ. 1457ರಲ್ಲಿ ಎರಡನೆಯ ಜೇಮ್ಸ್ ಅರಸನ ಕಾಲದ ಸಂಸತ್ತು ಫುಟ್‌ಬಾಲನ್ನೂ ಗಾಲ್ಫನ್ನೂ ನಿಲ್ಲಿಸಬೇಕೆಂದು ಕಟ್ಟಳೆ ಮಾಡಿತು. ಇಂಗ್ಲೆಂಡಿನ ಜೊತೆ ಯುದ್ಧದ ಭಯ, ಜನ ನೋಡಿದರೆ ಬಿಲ್ಲು ಹಿಡಿಯುವ ಹೊತ್ತಿನಲ್ಲಿ ಚೆಂಡಿನ ಹಿಂದೆ. 1471ರಲ್ಲಿ, 1491ರಲ್ಲಿ ಮತ್ತೆ ಅದೇ ನಿಷೇಧ. ಮೂರು ಸಲ ನಿಷೇಧಿಸಬೇಕಾಯಿತು ಎಂದರೆ ಜನ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೇ ಅರ್ಥ. 1502ರಲ್ಲಿ ಇಂಗ್ಲೆಂಡಿನೊಡನೆ ಶಾಂತಿ ಒಪ್ಪಂದವಾಯಿತು. ಅದೇ ವರ್ಷ ನಾಲ್ಕನೆಯ ಜೇಮ್ಸ್ ಅರಸ ಪರ್ತ್ ಊರಿನಲ್ಲಿ ತನಗಾಗಿ ಗಾಲ್ಫ್ ಕೋಲುಗಳನ್ನು ಕೊಂಡದ್ದು ಖಜಾನೆಯ ಲೆಕ್ಕದಲ್ಲಿ ದಾಖಲಾಗಿದೆ. ಮಾರಿದವನು ಯಾರು ಗೊತ್ತೆ? ಬಿಲ್ಲು ಮಾಡುವ ಕುಶಲಕರ್ಮಿ. ಬಿಲ್ಲಿಗಾಗಿ ಯಾವ ಆಟವನ್ನು ತಡೆದರೋ, ಆ ಆಟದ ಕೋಲನ್ನು ಕೊನೆಗೆ ಬಿಲ್ಲುಗಾರನೇ ಕೆತ್ತಿಕೊಟ್ಟ.

ಎಡಿನ್‌ಬರೋದಲ್ಲಿ ಉಳಿದುಕೊಂಡು ಒಂದು ದಿನದಲ್ಲಿ ಹೋಗಿಬರಬಹುದಾದ, ಈ ಇತಿಹಾಸಕ್ಕೆ ನೇರ ಸಂಬಂಧವಿರುವ ನಾಲ್ಕು ನೆಲಗಳು ನನ್ನ ಪಟ್ಟಿಯಲ್ಲಿ ಉಳಿದವು. ಒಂದೊಂದನ್ನೇ ಹೇಳುತ್ತೇನೆ.

ಮೊದಲನೆಯದು ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್. ಗಾಲ್ಫ್ ಆಡುವವರಿಗೆ ಅದು ಕಾಶಿ ಇದ್ದಂತೆ. ಒಂದು ಸುತ್ತಿಗೆ 18 ಕುಳಿ ಎಂಬ ಲೆಕ್ಕ ಹುಟ್ಟಿದ್ದು ಅಲ್ಲಿ. ಮೊದಲು ಅಲ್ಲಿ ಹೋಗುತ್ತಾ 11, ಬರುತ್ತಾ 11, ಒಟ್ಟು 22 ಕುಳಿ ಆಡುತ್ತಿದ್ದರು. ಹೋಗುವಾಗ ಆಡಿದ ಕುಳಿಗಳಿಗೇ ಬರುವಾಗಲೂ ಆಡುವುದು ರೂಢಿ. 1764ರಲ್ಲಿ ಮೊದಲ ನಾಲ್ಕು ಕುಳಿಗಳು ತೀರಾ ಹತ್ತಿರವಾದವೆಂದು ಎರಡು ಮಾಡಿದರು. ಹೋಗುತ್ತಾ ಎರಡು ಕಡಿಮೆ, ಬರುತ್ತಾ ಎರಡು ಕಡಿಮೆ, ಉಳಿದದ್ದು 18. ಜಗತ್ತೆಲ್ಲ ಒಪ್ಪಿಕೊಂಡ ಸಂಖ್ಯೆಯ ಹಿಂದೆ ಇರುವುದು ಇಷ್ಟೇ ಲೆಕ್ಕ.

ಆ ನೆಲದ ಒಡೆತನದ ಕತೆ ಇನ್ನೂ ಸ್ವಾರಸ್ಯ. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಲಿಂಕ್ಸಿನಲ್ಲಿ ಮೊಲ ಸಾಕುವ ಹಕ್ಕು ಪಡೆದ; ಅದೇ ಪತ್ರದಲ್ಲಿ ಊರಿನವರು ಅಲ್ಲಿ ಗಾಲ್ಫ್, ಫುಟ್‌ಬಾಲ್ ಆಡುವ ಹಕ್ಕನ್ನೂ ಬರೆದಿಟ್ಟರು. 1797ರಲ್ಲಿ ಸಾಲದಲ್ಲಿ ಮುಳುಗಿದ ಪುರಸಭೆ ಆ ನೆಲವನ್ನು ಕೈಬಿಟ್ಟಿತು. ಅದು ಮೊಲದ ವ್ಯಾಪಾರ ಮಾಡುವವರ ಪಾಲಾಯಿತು. ಮೊಲಗಳು ಎಲ್ಲೆಂದರಲ್ಲಿ ಬಿಲ ತೋಡಿದವು, ಗಾಲ್ಫ್ ಆಡುವವರು ಸಿಟ್ಟಾದರು. ಸುಮಾರು ಇಪ್ಪತ್ತು ವರ್ಷ ಕೋರ್ಟು ಕಚೇರಿ, ನಡುನಡುವೆ ಕೈಕೈ ಮಿಲಾಯಿಸುವುದೂ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ, ಸ್ವತಃ ಗಾಲ್ಫ್ ಪ್ರಿಯ, ಆ ನೆಲವನ್ನು ಕೊಂಡು ಆಟಕ್ಕೆ ಉಳಿಸಿದ. ಕೊನೆಗೆ 1894ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಲಿಂಕ್ಸ್ ಊರಿನ ಪುರಸಭೆಗೆ ಮರಳಿತು. 1974ರಿಂದ ಒಂದು ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದೆ. ಮೊದಲ ಕುಳಿಯ ಹಿಂದೆ ಗಂಭೀರವಾಗಿ ನಿಂತಿರುವ ರಾಯಲ್ ಅಂಡ್ ಏನ್ಶಂಟ್ ಕ್ಲಬ್ಬಿನ ಕಲ್ಲು ಕಟ್ಟಡವನ್ನು ನೋಡಿ ಮೈದಾನವೂ ಅವರದೇ ಎಂದುಕೊಳ್ಳುವವರು ಬಹಳ. ಅಲ್ಲ. ಮೈದಾನ ಸಾರ್ವಜನಿಕರದು, ಕ್ಲಬ್ಬು ಅದರ ಪಕ್ಕದ ಮನೆ ಅಷ್ಟೆ.

ಆದರೆ ಸಾರ್ವಜನಿಕ ನೆಲವೆಂದ ಮಾತ್ರಕ್ಕೆ ಹೊರಗಿನವನಿಗೆ ಸುಲಭವಾಗಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಒಂದು ಸುತ್ತಿಗೆ 300 ಪೌಂಡಿಗೂ ಮೇಲೆ. ಹ್ಯಾಂಡಿಕ್ಯಾಪ್ ಪತ್ರ ತೋರಿಸಬೇಕು. ಮುಂಗಡವಾಗಿ ಸಿಗದಿದ್ದರೆ ಎರಡು ದಿನ ಮೊದಲು ಲಾಟರಿಗೆ ಹೆಸರು ಕೊಟ್ಟು ಕಾಯಬೇಕು. ಊರಿನವರಿಗೆ ಮಾತ್ರ ರಿಯಾಯಿತಿಯ ವಾರ್ಷಿಕ ಟಿಕೆಟ್ಟಿದೆ. ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಜಗತ್ತೆಲ್ಲ ಬಂದು ತುಳಿಯುವ ನೆಲವನ್ನು ಊರಿನವರಿಗೆ ಉಳಿಸಿಕೊಳ್ಳಬೇಕಾದರೆ ಹೊರಗಿನವರಿಂದ ಹಣ ತೆಗೆಯಲೇಬೇಕು. ಆದರೆ ಮಗಳ ಒಂದು ತಿಂಗಳ ಶಾಲೆಯ ಫೀಸಿಗಿಂತ ಹೆಚ್ಚು ಹಣವನ್ನು ಒಂದು ಮಧ್ಯಾಹ್ನಕ್ಕೆ ಕೊಡಲು ನನ್ನ ಕೈ ಬರಲಿಲ್ಲ.

ಎರಡನೆಯದು ಲೀತ್ ಲಿಂಕ್ಸ್, ಎಡಿನ್‌ಬರೋದ ಬಂದರಿನ ಪಕ್ಕ. ಗಾಲ್ಫ್‌ನ ಲಿಖಿತ ನಿಯಮಗಳು ಮೊದಲು ತಯಾರಾದದ್ದು ಇಲ್ಲಿ, 1744ರಲ್ಲಿ, ನಗರಸಭೆ ಕೊಟ್ಟ ಬೆಳ್ಳಿಯ ಕೋಲಿಗಾಗಿ ನಡೆದ ಪಂದ್ಯಕ್ಕಾಗಿ. ಒಟ್ಟು 13 ನಿಯಮ. ಅವುಗಳನ್ನು ಓದಿದರೆ ಆ ನೆಲದ ಚಿತ್ರವೇ ಕಣ್ಣಮುಂದೆ ಬರುತ್ತದೆ. ಹತ್ತನೆಯ ನಿಯಮದ ಪ್ರಕಾರ ಚೆಂಡಿಗೆ ಮನುಷ್ಯನೋ ಕುದುರೆಯೋ ನಾಯಿಯೋ ಅಡ್ಡ ಬಂದರೆ, ಅದು ನಿಂತಲ್ಲಿಂದಲೇ ಆಡಬೇಕು. ಕೊನೆಯ ನಿಯಮದಲ್ಲಿ ಶಾಲೆಯ ಹುಡುಗರು ತೋಡಿದ ಕುಳಿಗಳು, ಸೈನಿಕರು ತೋಡಿದ ಸಾಲುಗಳ ಮಾತು ಬರುತ್ತದೆ. ಅಂದರೆ ಅಲ್ಲಿ ಹಾದುಹೋಗುವವರಿದ್ದರು, ಹುಡುಗರಿದ್ದರು, ಸಿಪಾಯಿಗಳಿದ್ದರು, ನಾಯಿ ಕುದುರೆಗಳಿದ್ದವು. ಯಾರನ್ನೂ ಹೊರಗೆ ಹಾಕುವ ನಿಯಮವಿಲ್ಲ, ಎಲ್ಲರ ನಡುವೆ ಆಡುವುದು ಹೇಗೆ ಎಂಬ ನಿಯಮವಿದೆ.

ಆ ಪಂದ್ಯ ಗೆದ್ದವನು ಜಾನ್ ರ‍್ಯಾಟ್ರೇ ಎಂಬ ಶಸ್ತ್ರವೈದ್ಯ. ಮರುವರ್ಷ ಸ್ಕಾಟ್ಲೆಂಡಿನಲ್ಲಿ ದಂಗೆ ಎದ್ದಾಗ ಅವನು ಬಂಡಾಯದ ಸೇನೆಯ ವೈದ್ಯನಾಗಿ ಹೋದ. 1746ರ ಕಲೋಡನ್ ಯುದ್ಧದಲ್ಲಿ ಆ ಸೇನೆ ಸೋತಿತು, ಇವನು ಸೆರೆಯಾದ. ಇವನ ಜೊತೆ ಗಾಲ್ಫ್ ಆಡುತ್ತಿದ್ದ ಡಂಕನ್ ಫೋರ್ಬ್ಸ್ ಎಂಬ ದೊಡ್ಡ ನ್ಯಾಯಾಧೀಶ, ಸರ್ಕಾರದ ಪಕ್ಷದವನಾಗಿದ್ದರೂ, ಇವನ ಪರ ನಿಂತು ಜೀವ ಉಳಿಸಿದ ಎಂದು ಹೇಳುತ್ತಾರೆ. ಇಂದು ಲೀತ್ ಲಿಂಕ್ಸ್ ಒಂದು ಉದ್ಯಾನ. ರ‍್ಯಾಟ್ರೇಯ ಪ್ರತಿಮೆ ಇದೆ, ಗಾಲ್ಫ್ ಇಲ್ಲ. ಸಂಜೆ ಕಚೇರಿ ಮುಗಿಸಿ ಹೋಗಿ ನೋಡಿ ಬಂದೆ.

ಮೂರನೆಯದು ಬ್ರಂಟ್ಸ್‌ಫೀಲ್ಡ್ ಲಿಂಕ್ಸ್, ನಗರದ ನಟ್ಟನಡುವೆ. ಊರು ಬೆಳೆದು ಮೈದಾನವನ್ನು ಸುತ್ತುವರಿದ ಮೇಲೆ ದೊಡ್ಡ ಕ್ಲಬ್ಬುಗಳು ಹೊರವಲಯಕ್ಕೆ ಹೋದವು. ಉಳಿದ ಹುಲ್ಲಿನ ಮೇಲೆ ಚಿಕ್ಕ ಕುಳಿಗಳ ಆಟ ಇಂದಿಗೂ ನಡೆಯುತ್ತದೆ, ಒಂದು ಪೈಸೆಯೂ ಕೊಡಬೇಕಿಲ್ಲ. ವಿದ್ಯಾರ್ಥಿಗಳಾಗಿ ಎಡಿನ್‌ಬರೋಗೆ ಹೋಗುವ ನಮ್ಮ ಓದುಗರಿಗೆ ಇದನ್ನೇ ಹೇಳುತ್ತೇನೆ: ಒಂದು ಕೋಲು, ಒಂದು ಚೆಂಡು ಸಂಪಾದಿಸಿಕೊಂಡರೆ ಸಾಕು. ಆದರೆ ಉದ್ದ ಹೊಡೆತಕ್ಕೆ ಅಲ್ಲಿ ಜಾಗವಿಲ್ಲ, ಪೂರ್ಣ ಸುತ್ತಿನ ಆಸೆ ಅಲ್ಲಿ ತೀರದು.

ನಾಲ್ಕನೆಯದು ಮಸಲ್‌ಬರೋ. ಎಡಿನ್‌ಬರೋದಿಂದ ಸಿಟಿ ಬಸ್ಸಿನಲ್ಲೇ ಹೋಗಬಹುದಾದ, ಎಸ್ಕ್ ನದಿ ಸಮುದ್ರ ಸೇರುವ ಕಡೆಯ ಹಳೆಯ ಮೀನುಗಾರರ ಊರು. ಅಲ್ಲಿ 1672ರಲ್ಲಿ ಗಾಲ್ಫ್ ಆಡಿದ್ದಕ್ಕೆ ಲಿಖಿತ ದಾಖಲೆ ಇದೆ. ಇಂದಿಗೂ ಆಟ ನಡೆಯುತ್ತಿರುವ ಅತಿ ಹಳೆಯ ಮೈದಾನ ತನ್ನದೇ ಎಂದು ಊರು ಹೆಮ್ಮೆಪಡುತ್ತದೆ. 1816ರಲ್ಲಿ ಕುದುರೆ ಓಟ ಅಲ್ಲಿಗೆ ಬಂದಾಗ ಓಟದ ದಾರಿಯನ್ನು ಮೈದಾನದ ಸುತ್ತ ಹಾಕಿದರು. ಇಂದಿಗೂ ಗಾಲ್ಫ್‌ನ ಒಂಬತ್ತು ಕುಳಿಗಳು ಕುದುರೆ ಓಟದ ಉಂಗುರದೊಳಗೇ ಇವೆ.

ನನ್ನ ಮನಸ್ಸು ಅತ್ತ ತಿರುಗಿದ್ದು ಬೇರೊಂದು ದಾಖಲೆಯಿಂದ. 1810ರ ಡಿಸೆಂಬರಿನಲ್ಲಿ ಊರಿನ ಗಾಲ್ಫ್ ಕ್ಲಬ್ಬು, ಬರುವ ಹೊಸ ವರ್ಷದ ಆಟದಲ್ಲಿ ಗೆಲ್ಲುವ ಮೀನುಗಾರ ಹೆಂಗಸಿಗೆ ಬಹುಮಾನ ಕೊಡುವುದೆಂದು ನಿರ್ಣಯ ಮಾಡಿತು. ಬಹುಮಾನ ಏನೆಂದರೆ ಹೊಸ ಮೀನು ಬುಟ್ಟಿ, ಒಂದು ಶಾಲು, ಜೊತೆಗೆ ರೇಷ್ಮೆಯ ಕರವಸ್ತ್ರಗಳು. ಬೆಳಗಾದರೆ ಬುಟ್ಟಿ ಬೆನ್ನಿಗೇರಿಸಿ ಎಡಿನ್‌ಬರೋದ ಬೀದಿಗಳಲ್ಲಿ ಮೀನು ಮಾರುತ್ತಿದ್ದ ಹೆಂಗಸರು ಅವರು. ಬಹುಮಾನ ಕೊಟ್ಟವರು ಗಣ್ಯರು, ನಿಜ. ಆದರೆ ಆಡಲು ಬಾರದವರಿಗೆ ಯಾರೂ ಪಂದ್ಯ ಇಡುವುದಿಲ್ಲ. ಆ ಹೆಂಗಸರು ಅದಕ್ಕೂ ಮೊದಲೇ ಆಡುತ್ತಿದ್ದರು ಎನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಈಗ ಇದನ್ನು ಪಕ್ಕದಲ್ಲಿಟ್ಟು ನೋಡಿ: ರಾಯಲ್ ಅಂಡ್ ಏನ್ಶಂಟ್ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಒಪ್ಪಿಕೊಳ್ಳಲು ಮತ ಹಾಕಿದ್ದು 2014ರಲ್ಲಿ. ಲೀತ್‌ನಲ್ಲಿ 13 ನಿಯಮ ಬರೆದವರ ಕ್ಲಬ್ಬು 1836ರಲ್ಲಿ ಮಸಲ್‌ಬರೋಗೆ ಬಂದು, 1891ರಲ್ಲಿ ಮ್ಯೂರ್‌ಫೀಲ್ಡ್‌ನ ಸ್ವಂತ ಮೈದಾನಕ್ಕೆ ಹೊರಟುಹೋಯಿತು. ಅವರು ಹೆಂಗಸರಿಗೆ ಬಾಗಿಲು ತೆರೆಯಲು ಒಪ್ಪಿದ್ದು 2017ರಲ್ಲಿ. ಊರ ಹುಲ್ಲಿನ ಮೇಲೆ ಮೀನುಗಾರ ಹೆಂಗಸಿಗೆ ಸಿಕ್ಕಿದ್ದು, ಕ್ಲಬ್ಬಿನ ಗೋಡೆಯೊಳಗೆ ಸಿಗಲು ಇನ್ನೂರು ವರ್ಷ ಬೇಕಾಯಿತು.

ಆ ಕ್ಲಬ್ಬು ಹೋಗುವಾಗ ಊರಿನ ಭಾಗ್ಯವನ್ನೂ ಕಟ್ಟಿಕೊಂಡು ಹೋಯಿತು. 1874ರಿಂದ 1889ರವರೆಗೆ ಮಸಲ್‌ಬರೋದಲ್ಲಿ ಆರು ಸಲ ಓಪನ್ ಚಾಂಪಿಯನ್‌ಶಿಪ್ ನಡೆದಿತ್ತು. 1860ರ ಮೊಟ್ಟಮೊದಲ ಓಪನ್ ಗೆದ್ದ ವಿಲ್ಲಿ ಪಾರ್ಕ್, 1889ರಲ್ಲಿ ಇಲ್ಲೇ ಗೆದ್ದ ಅವನ ಮಗ, ಇಬ್ಬರೂ ಇದೇ ಊರಿನವರು. 1892ರ ಓಪನ್ ಮ್ಯೂರ್‌ಫೀಲ್ಡ್‌ಗೆ ಹೋಯಿತು. ಮತ್ತೆ ಎಂದೂ ಮಸಲ್‌ಬರೋಗೆ ಬರಲಿಲ್ಲ. ಪಟ್ಟಿಗಳಲ್ಲಿ ಈ ಮೈದಾನ ಕಾಣದಿರುವುದು ಅದಕ್ಕೇ.

ಇದೇ ಆಟ ನಮ್ಮ ದೇಶಕ್ಕೆ ಬಂದಾಗ ಏನಾಯಿತು? 1829ರಲ್ಲಿ ಕಲ್ಕತ್ತೆಯ ದಮ್ ದಮ್‌ನಲ್ಲಿ ಕ್ಲಬ್ಬು ಹುಟ್ಟಿತು. ಬ್ರಿಟಿಷ್ ದ್ವೀಪಗಳಾಚೆ ಅದೇ ಅತಿ ಹಳೆಯದು. ಸೇಂಟ್ ಆಂಡ್ರೂಸ್ ಕ್ಲಬ್ಬಿಗೆ ರಾಯಲ್ ಅಂಡ್ ಏನ್ಶಂಟ್ ಎಂಬ ಹೆಸರು ಸಿಕ್ಕಿದ್ದು ಅದಾಗಿ ಐದು ವರ್ಷಕ್ಕೆ, 1834ರಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದ್ದು, ಮ್ಯೂರ್‌ಫೀಲ್ಡ್ ಮೈದಾನಕ್ಕಿಂತ 15 ವರ್ಷ ಹಿರಿಯದು. ಕಾಲದ ಲೆಕ್ಕದಲ್ಲಿ ನಾವೇನೂ ಹಿಂದೆ ಬಿದ್ದಿರಲಿಲ್ಲ. ಆದರೆ ಇಲ್ಲಿಗೆ ಹಡಗೇರಿ ಬಂದದ್ದು ಕ್ಲಬ್ಬಿನ ಗಾಲ್ಫ್, ಗೋಮಾಳದ ಗಾಲ್ಫ್ ಅಲ್ಲ. ಬಿಳಿಯ ಅಧಿಕಾರಿಗಳು, ವ್ಯಾಪಾರಿಗಳು ಒಳಗೆ. ಊರಿನವರು ಒಳಗೆ ಬರುವುದಾದರೆ ಚೀಲ ಹೊರುವ ಕ್ಯಾಡಿಯಾಗಿ, ಹುಲ್ಲು ಕತ್ತರಿಸುವ ಮಾಲಿಯಾಗಿ. ದೊರೆಗಳು ಹೋದ ಮೇಲೆ ಒಳಗಿನವರ ಬಣ್ಣ ಬದಲಾಯಿತು, ಬೇಲಿ ಅಲ್ಲೇ ಉಳಿಯಿತು.

ಆ ಬೇಲಿಯನ್ನು ದಾಟಿದವರೂ ಇದ್ದಾರೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಮೈದಾನದಲ್ಲಿ ಬೆಳೆದದ್ದು ಕ್ಯಾಡಿಯಾಗಿ. ಇನ್ನೊಬ್ಬರ ಚೀಲ ಹೊತ್ತು, ಇನ್ನೊಬ್ಬರ ಹೊಡೆತ ನೋಡಿ ಕಲಿತ ಆಟ. ಸ್ಕಾಟ್ಲೆಂಡಿನ ಹಳೆಯ ಆಟಗಾರರಲ್ಲಿ ಎಷ್ಟೋ ಜನ ಹೀಗೆಯೇ ಚೀಲ ಹೊತ್ತು ಮೇಲೆ ಬಂದವರು. ವ್ಯತ್ಯಾಸ ಇಷ್ಟೇ: ಅಲ್ಲಿನ ಹುಡುಗ ಚೀಲ ಇಳಿಸಿದ ಮೇಲೂ ಸಂಜೆ ಊರ ಲಿಂಕ್ಸಿನಲ್ಲಿ ತನ್ನ ಪಾಡಿಗೆ ಆಡಬಹುದಿತ್ತು.

ಭಾರತದ ಹೆಸರು ಬರುವ ಇನ್ನೊಂದು ಕತೆಯಿದೆ, ದಂತಕತೆಯೆಂದೇ ಓದಿಕೊಳ್ಳಿ. 1848ರವರೆಗೆ ಗಾಲ್ಫ್ ಚೆಂಡು ಎಂದರೆ ತೊಗಲಿನ ಚೀಲಕ್ಕೆ ಹಕ್ಕಿಯ ಪುಕ್ಕ ತುರುಕಿ ಹೊಲಿದದ್ದು. ಕುಶಲಿ ದಿನಕ್ಕೆ ಮೂರೋ ನಾಲ್ಕೋ ಮಾಡಿದರೆ ಹೆಚ್ಚು, ಬೆಲೆ ವಿಪರೀತ. ಸೇಂಟ್ ಆಂಡ್ರೂಸ್‌ನ ಪ್ಯಾಟರ್ಸನ್ ಎಂಬವರ ಮನೆಗೆ ಭಾರತದಿಂದ ಒಂದು ವಿಷ್ಣು ವಿಗ್ರಹ ಬಂತಂತೆ. ಅದು ಒಡೆಯದಿರಲೆಂದು ಸುತ್ತ ತುಂಬಿದ್ದ ಗಟಪರ್ಚ ಎಂಬ ಮರದ ಅಂಟನ್ನು ಆ ಮನೆಯ ಹುಡುಗ ಕಾಯಿಸಿ ಉಂಡೆ ಕಟ್ಟಿ ಚೆಂಡು ಮಾಡಿದನಂತೆ. ವಿಗ್ರಹದ ಮಾತು ಏನೇ ಇರಲಿ, ಮಲಯ ಪ್ರಾಂತ್ಯದ ಕಾಡಿನ ಆ ಅಂಟಿನಿಂದ ಚೆಂಡು ಬಲು ಅಗ್ಗವಾಗಿ, ಬಡವರೂ ಧಾರಾಳವಾಗಿ ಆಡುವಂತಾದದ್ದು ನಿಜ.

ಶನಿವಾರ ಮಸಲ್‌ಬರೋಗೆ ಹೋದೆ. ಕುದುರೆ ಓಟವಿರುವ ದಿನ ಗಾಲ್ಫ್ ಇರುವುದಿಲ್ಲ, ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು. ನನ್ನ ಕ್ಲಬ್ಬು ಯಾವುದು, ಹ್ಯಾಂಡಿಕ್ಯಾಪ್ ಎಷ್ಟು ಎಂದು ಯಾರೂ ಕೇಳಲಿಲ್ಲ. ಬೇಕಿದ್ದರೆ ಹಳೆಯ ಕಾಲದ ಹಿಕ್ಕರಿ ಮರದ ಹಿಡಿಯ ಕೋಲುಗಳನ್ನೇ ಬಾಡಿಗೆಗೆ ಕೊಡುತ್ತಾರೆ. ಕೋಲುಗಳಿಗೆ ನಂಬರಿಲ್ಲ, ಮ್ಯಾಶಿ, ನಿಬ್ಲಿಕ್ ಎಂದು ಮನುಷ್ಯರ ಹಾಗೆ ಹೆಸರಿವೆ. ಮರದ ಹಿಡಿ ಬಳುಕುತ್ತದೆ, ಅವಸರ ಮಾಡಿದರೆ ಚೆಂಡು ಓಟದ ಕಟಕಟೆಗೆ ಬಡಿಯುತ್ತದೆ. ನನ್ನದು ಎರಡು ಸಲ ಬಡಿಯಿತು. ನಾಲ್ಕನೆಯ ಕುಳಿಗೆ ಮಿಸೆಸ್ ಫೋರ್ಮನ್ಸ್ ಎಂದು ಹೆಸರು. ಆ ಹೆಂಗಸಿನ ಹೆಂಡದಂಗಡಿ ಅಲ್ಲೇ ಪಕ್ಕದಲ್ಲಿತ್ತು, ಆಟಗಾರರು ಕಿಟಕಿಯಲ್ಲಿ ಕೈಚಾಚಿ ಗುಟುಕು ಹಾಕಿ ಮುಂದೆ ಹೋಗುತ್ತಿದ್ದರಂತೆ. ಇಂದು ಜಗತ್ತಿನ ಎಲ್ಲ ಗಾಲ್ಫ್ ಕುಳಿಗಳ ಅಗಲ ನಾಲ್ಕೂಕಾಲು ಅಂಗುಲ. 1829ರಲ್ಲಿ ಈ ಊರಿನವರು ಕುಳಿ ಕೊರೆಯಲು ಮಾಡಿಸಿಕೊಂಡ ಸಲಕರಣೆಯ ಅಗಲವೂ ಅದೇ. ಆ ಕುಳಿಗೆ ಚೆಂಡು ಬೀಳಿಸುವಾಗ ಒಬ್ಬ ಅಜ್ಜ ನಾಯಿಯ ಹಗ್ಗ ಹಿಡಿದು ಪಕ್ಕದಲ್ಲೇ ನಿಂತು, ನನ್ನ ಸರದಿ ಮುಗಿಯುವವರೆಗೆ ಕಾದು, ತಲೆಯಾಡಿಸಿ ನಡೆದರು. ಲೀತ್‌ನ ಹತ್ತನೆಯ ನಿಯಮ ಇನ್ನೂ ಜೀವಂತವಾಗಿತ್ತು.

ಭಾನುವಾರ ರೈಲಿನಲ್ಲಿ ಲೂಕರ್ಸ್‌ವರೆಗೆ, ಅಲ್ಲಿಂದ ಬಸ್ಸಿನಲ್ಲಿ ಸೇಂಟ್ ಆಂಡ್ರೂಸ್‌ಗೆ ಹೋದೆ, ಬರಿಗೈಯಲ್ಲಿ. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟಕ್ಕೆ ರಜೆ. ದೊಡ್ಡ ಪಂದ್ಯಗಳ ಹೊತ್ತು ಬಿಟ್ಟರೆ ಅಂದು ಯಾರು ಬೇಕಾದರೂ ಅಲ್ಲಿ ಓಡಾಡಬಹುದು. ಮಕ್ಕಳನ್ನು ಕೂರಿಸಿದ ಗಾಡಿ ತಳ್ಳುವವರು, ನಾಯಿಯ ಜೊತೆಗಿನವರು, ನನ್ನ ಹಾಗೆ ದೂರದಿಂದ ಬಂದವರು, ಎಲ್ಲರೂ ಆ ಪ್ರಸಿದ್ಧ ಹುಲ್ಲಿನ ಮೇಲೆ ನಡೆದು ಸ್ವಿಲ್ಕನ್ ಸೇತುವೆ ದಾಟುತ್ತಿದ್ದರು. 300 ಪೌಂಡಿನ ನೆಲ ಅಂದು ಪುಕ್ಕಟೆ. ಹದಿನೆಂಟು ಕುಳಿಯ ದಾರಿಯನ್ನೂ ನಡೆದು ಮುಗಿಸಿದೆ.

ಊರು ಬಿಟ್ಟು ಇನ್ನೊಂದು ಊರು ಸೇರಿದ ನಮ್ಮಂಥವರು ಎಲ್ಲಿ ಹೋದರೂ ಮೊದಲು ಹುಡುಕುವುದು ನಮಗೆ ನಿಲ್ಲಲು ಜಾಗವಿದೆಯೇ ಎಂದು. ಗಾಲ್ಫ್‌ಗೂ ಅದೇ ಪ್ರಶ್ನೆ ಸಾಕು. ಹೊಸ ಊರಿಗೆ ಹೋದಾಗ ಶ್ರೇಷ್ಠ ಮೈದಾನ ಯಾವುದೆಂದು ಕೇಳುವ ಬದಲು, ಊರಿನವರು ಆಡುವ ಮೈದಾನ ಯಾವುದೆಂದು ಕೇಳಿ. ಹುಲ್ಲು ಒರಟಾಗಿರಬಹುದು, ಕುಳಿಗಳು ಒಂಬತ್ತೇ ಇರಬಹುದು. ಸುತ್ತು ಮುಗಿಯುವ ಹೊತ್ತಿಗೆ ಆ ಊರಿನ ನಾಲ್ಕು ಜನರ ಜೊತೆ ಮಾತಾಡಿರುತ್ತೀರಿ. ಮಸಲ್‌ಬರೋದಲ್ಲಿ ಕೋಲುಗಳನ್ನು ಹಿಂದಿರುಗಿಸುವಾಗ ಕೌಂಟರಿನ ಹುಡುಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮೂರಿನಲ್ಲಿ ಎಲ್ಲಿ ಆಡುತ್ತೀರಿ? ಬೆಂಗಳೂರಿನ ಬೀದಿಯ ಹೆಸರು ಹೇಳಿ, ಬೇಲಿಯ ಹೊರಗೆ ಎಂದೆ. ಅವಳಿಗೆ ಅದು ಅರ್ಥವಾಗಲಿಲ್ಲ.